ಅಂಶ ಕಂಡಿತು, ಛೇದ ಎಲ್ಲಿ?

ಮ್ಯಾರಥಾನ್ ಗೆದ್ದವರ ಫೋಟೊ ಮರುದಿನ ಕ್ರೀಡಾಪುಟದ ಮೂಲೆಯಲ್ಲಿ ಬರುತ್ತದೆ. ಓಡುತ್ತಾ ಓಡುತ್ತಾ ಯಾರಾದರೂ ಕುಸಿದು ಸತ್ತಿದ್ದರೆ ಆ ಸುದ್ದಿ ಮುಖಪುಟಕ್ಕೇ ಬರುತ್ತದೆ, ಮಧ್ಯಾಹ್ನದೊಳಗೆ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೂ ಮುಟ್ಟುತ್ತದೆ. ‘ಈ ಓಟ ಗೀಟ ಎಲ್ಲಾ ಬೇಡ ಕಣೋ, ಸುಮ್ನೆ ವಾಕಿಂಗ್ ಮಾಡ್ಕೊಂಡಿರು’ ಎಂದು ಅಕ್ಕನೋ ಅತ್ತಿಗೆಯೋ ಬರೆಯುತ್ತಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯ ನಿಂತು ತೀರಿಕೊಂಡಾಗ ಇಡೀ ಕರ್ನಾಟಕಕ್ಕೆ ಈ ಭಯ ಹಿಡಿಯಿತು. ಜಿಮ್ಮಿಗೆ ಹೋಗುತ್ತಿದ್ದವರು ಹಿಂದೆಮುಂದೆ ನೋಡಿದರು. ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು.

ಇಂಥ ಸುದ್ದಿಗಳಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಶಾಲೆಯಲ್ಲಿ ಕಲಿತ ಭಿನ್ನರಾಶಿಯ ಮೇಲಿನ ಅಂಕಿ, ಅಂದರೆ ಅಂಶ ಮಾತ್ರ ಇರುತ್ತದೆ. ಎಷ್ಟು ಜನ ಓಡಿದ್ದರು, ಎಷ್ಟು ಜನ ಮೆಡಲ್ ಹಾಕಿಕೊಂಡು ಇಡ್ಲಿ ತಿಂದು ಮನೆಗೆ ಹೋದರು ಎಂಬ ಛೇದ ಕಾಣೆಯಾಗಿರುತ್ತದೆ. ಛೇದವಿಲ್ಲದೆ ಅಪಾಯವನ್ನು ಅಳೆಯಲು ಬರುವುದಿಲ್ಲ.

ಆ ಛೇದವನ್ನು ತಾಳ್ಮೆಯಿಂದ ಲೆಕ್ಕ ಹಾಕಿದವರು ಅಮೆರಿಕದ ವೈದ್ಯರು. 2000ರಿಂದ 2010ರವರೆಗೆ ಅಲ್ಲಿನ ಮ್ಯಾರಥಾನ್, ಹಾಫ್ ಮ್ಯಾರಥಾನ್‌ಗಳಲ್ಲಿ ಓಡಿದವರು 1 ಕೋಟಿ 9 ಲಕ್ಷ. ಅವರಲ್ಲಿ 59 ಮಂದಿಗೆ ಹೃದಯಸ್ತಂಭನವಾಯಿತು, 42 ಮಂದಿ ಸತ್ತರು. ಅಂದರೆ ಸುಮಾರು 2 ಲಕ್ಷ 59 ಸಾವಿರಕ್ಕೆ ಒಬ್ಬರು. 2025ರಲ್ಲಿ ಪ್ರಕಟವಾದ ಎರಡನೇ ಕಂತಿನ ಲೆಕ್ಕ 2010ರಿಂದ 2023ರವರೆಗಿನದು: ಓಟ ಮುಗಿಸಿದವರು 2 ಕೋಟಿ 93 ಲಕ್ಷ, ಹೃದಯಸ್ತಂಭನ 176. ಕುಸಿಯುವವರ ಪ್ರಮಾಣ ಹೆಚ್ಚುಕಮ್ಮಿ ಅಷ್ಟೇ ಇದೆ. ಸಾಯುವವರ ಪ್ರಮಾಣ ಮಾತ್ರ ಅರ್ಧಕ್ಕಿಳಿದು, ಸುಮಾರು 5 ಲಕ್ಷಕ್ಕೆ ಒಬ್ಬರಾಗಿದೆ. ಅದು ಹೇಗೆ ಇಳಿಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಇಡೀ ವಿಷಯದಲ್ಲಿ ತಿಳಿಯಬೇಕಾದದ್ದೇ ಅದು.

5 ಲಕ್ಷಕ್ಕೆ ಒಬ್ಬರೆಂದರೆ ಜಾಸ್ತಿಯೋ ಕಮ್ಮಿಯೋ? ನಮ್ಮ ರಸ್ತೆಗಳ ಪಕ್ಕ ಇಟ್ಟು ನೋಡೋಣ. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ, ದಿನಕ್ಕೆ ಸುಮಾರು 460. 140 ಕೋಟಿ ಜನಸಂಖ್ಯೆಗೆ ಹಂಚಿದರೆ ದಿನವೊಂದಕ್ಕೆ 30 ಲಕ್ಷಕ್ಕೆ ಒಬ್ಬರು. ಒಂದು ಓಟದ ಅಪಾಯ ಸರಾಸರಿ ಭಾರತೀಯನೊಬ್ಬ ಆರು ದಿನ ರಸ್ತೆಯಲ್ಲಿ ಎದುರಿಸುವ ಅಪಾಯಕ್ಕೆ ಸಮ ಎಂದಾಯಿತು. ಅಮೆರಿಕದ ಓಟಗಾರರನ್ನೂ ನಮ್ಮ ರಸ್ತೆಗಳನ್ನೂ ಒಂದೇ ತಕ್ಕಡಿಗೆ ಹಾಕುವುದು ಪೂರ್ತಿ ನ್ಯಾಯವಲ್ಲ, ನಿಜ. ಆ ಆರು ದಿನದ ಅಪಾಯ ಓಟಗಾರನಿಗೆ ಕೆಲವೇ ಗಂಟೆಗಳಲ್ಲಿ ಬರುತ್ತದೆ ಎಂಬುದೂ ನಿಜ. ಆದರೂ ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಆಫೀಸಿಗೆ ಬೈಕಿನಲ್ಲಿ ಹೋಗುವ ಮಗನಿಗೆ ‘ಓಡಬೇಡ’ ಎಂದಷ್ಟೇ ಹೇಳುವ ಮನೆಗಳು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಇದರಲ್ಲೊಂದು ತಮಾಷೆಯೂ ಇದೆ. 2007ರ ಒಂದು ಅಧ್ಯಯನ ಅಮೆರಿಕದ 26 ಮ್ಯಾರಥಾನ್‌ಗಳ ಮೂವತ್ತು ವರ್ಷದ ದಾಖಲೆ ತೆಗೆಯಿತು. 33 ಲಕ್ಷದಷ್ಟು ಓಟಗಾರರಲ್ಲಿ ಹಠಾತ್ತನೆ ಸತ್ತವರು 26 ಮಂದಿ. ಅದೇ ದಿನಗಳಲ್ಲಿ ಓಟಕ್ಕಾಗಿ ರಸ್ತೆ ಬಂದ್ ಮಾಡಿದ್ದರಿಂದ ತಪ್ಪಿದ ಅಪಘಾತದ ಸಾವುಗಳು ಅಂದಾಜು 46.

ಇಲ್ಲಿಗೆ ನಿಲ್ಲಿಸಿದರೆ ನಾನೂ ಅರ್ಧ ಸತ್ಯ ಹೇಳಿದಂತಾಗುತ್ತದೆ. ಸರಾಸರಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರುವುದಿಲ್ಲ. ಮೊದಲ ಕಂತಿನ ಲೆಕ್ಕದಲ್ಲಿ ಹಾಫ್ ಮ್ಯಾರಥಾನ್‌ಗಿಂತ ಪೂರ್ಣ ಮ್ಯಾರಥಾನ್‌ನಲ್ಲಿ ಹೃದಯಸ್ತಂಭನ ಸುಮಾರು ನಾಲ್ಕು ಪಟ್ಟು, ಹೆಂಗಸರಿಗಿಂತ ಗಂಡಸರಲ್ಲಿ ಐದು ಪಟ್ಟಿಗೂ ಹೆಚ್ಚು. ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್‌ನ ಕಥೆ ಬೇರೆ. 1985ರಿಂದ 2016ರವರೆಗೆ ಅಮೆರಿಕದಲ್ಲಿ ದಾಖಲಾದ ಸಾವು ಮತ್ತು ಹೃದಯಸ್ತಂಭನ 135, ಲಕ್ಷಕ್ಕೆ 1.74. ಅರವತ್ತು ದಾಟಿದ ಗಂಡಸರಲ್ಲಿ ಲಕ್ಷಕ್ಕೆ 18.6. ಆ 135ರಲ್ಲಿ 90 ನಡೆದದ್ದು ಈಜುವಾಗ. ಓಟದಲ್ಲಿ ಎದೆ ಹಿಡಿದಂತಾದರೆ ಫುಟ್‌ಪಾತಿನಲ್ಲಿ ಕೂರಬಹುದು. ತಣ್ಣನೆಯ ನೀರಿನಲ್ಲಿ, ನೂರಾರು ಕೈಕಾಲುಗಳ ನಡುವೆ ಎಲ್ಲಿ ಕೂರುವುದು? ಮುಳುಗಿದ್ದು ಬೇರೆಯವರ ಕಣ್ಣಿಗೆ ಬೀಳುವುದೂ ತಡ.

ಗುಡ್ಡಗಾಡಿನ ದೂರದ ಓಟಗಳಿಗಂತೂ ಈ ಯಾವ ಸರಾಸರಿಯೂ ಹೊಂದುವುದಿಲ್ಲ. 2021ರ ಮೇ 22ರಂದು ಚೀನಾದ ಗಾನ್ಸುವಿನಲ್ಲಿ 100 ಕಿಲೋಮೀಟರ್ ಓಟಕ್ಕೆ ಇಳಿದವರು 172 ಮಂದಿ. ಗುಡ್ಡದ ಮೇಲೆ ಆಲಿಕಲ್ಲು, ಮಳೆ, ಬಿರುಗಾಳಿ ಒಟ್ಟಿಗೆ ಬಂದವು. ಮೈಮೇಲೆ ತೆಳು ಅಂಗಿ, ಚಡ್ಡಿ. 21 ಮಂದಿ ಸತ್ತರು, ಆ ದೇಶದ ಹೆಸರಾಂತ ಓಟಗಾರ ಲಿಯಾಂಗ್ ಜಿಂಗ್ ಕೂಡ. ಎಂಟು ಜನರಲ್ಲಿ ಒಬ್ಬರು. ಇವರನ್ನು ಕೊಂದದ್ದು ಚಳಿ. ಇಂಥ ಓಟದಲ್ಲಿ ನಿಮ್ಮ ಇಸಿಜಿಗಿಂತ ಮುಖ್ಯವಾದದ್ದು ಸಂಘಟಕರು ಹವಾಮಾನ ವರದಿ ಓದಿದ್ದಾರೆಯೇ ಎಂಬುದು.

ಈಗ ಹೃದಯಕ್ಕೆ ಬರೋಣ. ಕುಸಿದು ಬೀಳುವ ಎಳೆಯ ಓಟಗಾರರಲ್ಲಿ ಹೆಚ್ಚಾಗಿ ಹುಟ್ಟಿನಿಂದಲೇ ಬಂದ ದೋಷ ಇರುತ್ತದೆ. ಹೃದಯದ ಸ್ನಾಯು ಅತಿಯಾಗಿ ದಪ್ಪಗಾಗಿ ಅದರ ವಿದ್ಯುತ್ ಲಯ ತಪ್ಪುತ್ತದೆ. ನಲವತ್ತರ ಆಚೆ ಮುಖ್ಯ ಕಾರಣ ಹೃದಯದ ರಕ್ತನಾಳಗಳ ಒಳಗೋಡೆಯಲ್ಲಿ ಕೂತ ಕೊಬ್ಬು. ಓಟವನ್ನು ಜನಪ್ರಿಯಗೊಳಿಸಿದ ಅಮೆರಿಕದ ಲೇಖಕ ಜಿಮ್ ಫಿಕ್ಸ್ 1984ರಲ್ಲಿ ಓಡಲು ಹೋದಾಗಲೇ ಸತ್ತರು, 52ನೇ ವಯಸ್ಸಿಗೆ. ‘ಓಡಿ ಓಡಿ ಸತ್ತ’ ಎಂದು ಜನ ಇಂದಿಗೂ ಅವರ ಉದಾಹರಣೆ ಕೊಡುತ್ತಾರೆ. ಅವರ ತಂದೆಗೆ 35ಕ್ಕೇ ಹೃದಯಾಘಾತವಾಗಿತ್ತು, 43ಕ್ಕೆ ಅವರು ತೀರಿಕೊಂಡಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ಫಿಕ್ಸ್ ಸ್ವತಃ ಮೂವತ್ತರ ನಡುವಿನವರೆಗೂ ದಪ್ಪಗಿದ್ದವರು, ವಿಪರೀತ ಸಿಗರೇಟು ಸೇದುತ್ತಿದ್ದವರು.

ಹಾಗಾದರೆ ಓಟ ಹೃದಯವನ್ನು ಕಾಯುತ್ತದೋ ಕೊಲ್ಲುತ್ತದೋ? ಎರಡೂ ಹೌದು, ಬೇರೆ ಬೇರೆ ಹೊತ್ತಿಗೆ. ಅಮೆರಿಕದ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಗಂಡಸು ವೈದ್ಯರನ್ನು ಹನ್ನೆರಡು ವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬಿಡಿಸಿ ತೋರಿಸಿತು. ಬಿರುಸಿನ ವ್ಯಾಯಾಮ ಮಾಡುವಾಗ ಮತ್ತು ಮುಗಿದ ಅರ್ಧ ಗಂಟೆಯವರೆಗೆ ಹಠಾತ್ ಸಾವಿನ ಅಪಾಯ ಉಳಿದ ಹೊತ್ತಿಗಿಂತ ಹದಿನೇಳು ಪಟ್ಟು ಏರುತ್ತದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅಷ್ಟು ಏರಿದ ಮೇಲೂ ಅದು 15 ಲಕ್ಷ ಸಲದ ವ್ಯಾಯಾಮಕ್ಕೆ ಒಂದು ಸಾವು, ಅಷ್ಟೇ. ಇನ್ನೂ ಒಂದು ಮಾತಿದೆ: ವಾರಕ್ಕೆ ಐದು ದಿನ ಬೆವರು ಹರಿಸುವವರಲ್ಲಿ ಈ ಏರಿಕೆ ಹನ್ನೊಂದು ಪಟ್ಟು, ಅಪರೂಪಕ್ಕೆ ಮೈ ಬಗ್ಗಿಸುವವರಲ್ಲಿ ಎಪ್ಪತ್ತನಾಲ್ಕು ಪಟ್ಟು. ಆಫೀಸಿನ ಟೀಶರ್ಟ್ ಸಿಗುತ್ತದೆಂದು ಅಭ್ಯಾಸವಿಲ್ಲದೆ ಹತ್ತು ಕಿಲೋಮೀಟರ್ ಓಡಲು ಬರುವ ನಲವತ್ತೈದರ ಮ್ಯಾನೇಜರ್ ಸಾಹೇಬರ ಬಗ್ಗೆಯೇ ನನಗೆ ಹೆಚ್ಚು ಚಿಂತೆ.

ಸಾವು ಎಲ್ಲಿ ಕಾದಿರುತ್ತದೆ ಎಂಬುದೂ ಗೊತ್ತು. 2007ರ ಅದೇ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಸಾವು ಸಂಭವಿಸಿದ್ದು ಕೊನೆಯ ಒಂದೂವರೆ ಕಿಲೋಮೀಟರಿನ ಆಸುಪಾಸಿನಲ್ಲಿ. ದಣಿದ, ನೀರು ಕಳೆದುಕೊಂಡ ದೇಹ ಅದು. ಚಪ್ಪಾಳೆ, ಕ್ಯಾಮೆರಾ, ಮೈಕಿನ ಕೂಗು ಕೇಳಿ ಅದಕ್ಕೆ ಅಡ್ರಿನಲಿನ್ ನುಗ್ಗುತ್ತದೆ. ಗೆರೆ ದಾಟಿದೊಡನೆ ಗಕ್ಕನೆ ನಿಂತರೆ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೊತ್ತುವುದು ನಿಂತು, ರಕ್ತದೊತ್ತಡ ಕುಸಿಯುತ್ತದೆ. ಹಾಗಾಗಿ ಕೊನೆಗೆ ಜೋರು ಮಾಡಬೇಡಿ. ಗೆರೆ ದಾಟಿದ ಮೇಲೂ ಹತ್ತು ನಿಮಿಷ ನಡೆದಾಡಿ. ನೀರನ್ನೂ ಬಾಯಾರಿಕೆಯಾದಷ್ಟೇ ಕುಡಿಯಿರಿ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆಗೊಳಗಾದ 488 ಮಂದಿಯಲ್ಲಿ ನೂರಕ್ಕೆ 13 ಜನರ ರಕ್ತದಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಇಳಿದಿತ್ತು, ಮುಖ್ಯವಾಗಿ ವಿಪರೀತ ಕುಡಿದದ್ದರಿಂದ.

ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ಪರೀಕ್ಷಿಸುವ ಟಿಎಂಟಿ ಮಾಡಿಸಿದರೆ ನಿಶ್ಚಿಂತೆಯೇ ಎಂದು ಬಹಳ ಜನ ಕೇಳುತ್ತಾರೆ. ಅಲ್ಲ. ರಕ್ತದ ಹರಿವಿಗೆ ಅಡ್ಡಬರುವಷ್ಟು ದೊಡ್ಡ ಅಡಚಣೆಯನ್ನು ಅದು ಹಿಡಿಯುತ್ತದೆ. ಸಣ್ಣ ಕೊಬ್ಬಿನ ಗಡ್ಡೆ ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟುವುದನ್ನು ಮೊದಲೇ ಹೇಳುವ ಶಕ್ತಿ ಅದಕ್ಕಿಲ್ಲ. ಓಡುವಾಗ ಎದೆ ಬಿಗಿತ, ತಲೆ ಸುತ್ತಿ ಬಿದ್ದದ್ದು, ಮೊದಲಿಲ್ಲದ ಏದುಸಿರು, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯದ ಸಾವು ಇವನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳುವುದು ಎಷ್ಟೋ ಪರೀಕ್ಷೆಗಳಿಗಿಂತ ಮೇಲು. ಜ್ವರವಿದ್ದರೆ ಕಟ್ಟಿದ ಫೀಸು ಹೋದರೂ ಹೋಗಲಿ, ಓಡಬೇಡಿ.

ಸಾವು ಅರ್ಧಕ್ಕಿಳಿದದ್ದು ಹೇಗೆ ಎಂದೆನಲ್ಲ. ಓಟಗಾರರ ಹೃದಯ ಗಟ್ಟಿಯಾದದ್ದರಿಂದಲ್ಲ. ಮೊದಲ ಕಂತಿನಲ್ಲಿ ಕುಸಿದ ಹತ್ತು ಜನರಲ್ಲಿ ಏಳು ಮಂದಿ ಸತ್ತಿದ್ದರು. ಎರಡನೆಯದರಲ್ಲಿ ಮೂವರಲ್ಲಿ ಒಬ್ಬರು. ಕುಸಿದವರ ಎದೆಯನ್ನು ಯಾರೋ ಕೂಡಲೇ ಒತ್ತತೊಡಗಿದರು, ಎಇಡಿ ಎಂಬ ಪೆಟ್ಟಿಗೆ ಹತ್ತಿರದಲ್ಲೇ ಇತ್ತು. ಲಯ ತಪ್ಪಿದ ಹೃದಯಕ್ಕೆ ಅದು ವಿದ್ಯುತ್ ಆಘಾತ ಕೊಡುತ್ತದೆ. ಎರಡು ಪಟ್ಟಿ ಅಂಟಿಸಿದರೆ ಮುಂದಿನದ್ದನ್ನು ತಾನೇ ಮಾತಾಡಿ ಹೇಳಿಕೊಡುತ್ತದೆ, ಆಘಾತ ಬೇಕಿಲ್ಲದಿದ್ದರೆ ಕೊಡುವುದೇ ಇಲ್ಲ. ಎದೆ ಒತ್ತುವವರೂ ಇಲ್ಲದೆ ಆ ಆಘಾತ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ.

ಬಿದ್ದವರು ಭುಜ ತಟ್ಟಿದರೂ ಏಳುತ್ತಿಲ್ಲ, ಉಸಿರಿಲ್ಲ, ಇಲ್ಲವೇ ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಏದುತ್ತಿದ್ದಾರೆ ಎಂದುಕೊಳ್ಳಿ. ಆ ಏದುವಿಕೆಯನ್ನು ಉಸಿರಾಟವೆಂದು ತಿಳಿದು ಮುಖಕ್ಕೆ ನೀರು ಚಿಮುಕಿಸುತ್ತಾ ನಿಲ್ಲುವುದೇ ನಮ್ಮಲ್ಲಿ ಆಗುವ ದೊಡ್ಡ ತಪ್ಪು. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎಇಡಿ ತರಲು ಓಡಲಿ. ನೀವು ಎದೆಯ ನಡುವೆ ಅಂಗೈ ಬುಡವಿಟ್ಟು, ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ ಐದು ಸೆಂಟಿಮೀಟರಿಗೆ ಕಮ್ಮಿಯಾಗದಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಸುಸ್ತಾಗದಂತೆ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ.

ಮುಂದಿನ ಓಟಕ್ಕೆ ಹೆಸರು ಕೊಡುವ ಮುನ್ನ ಸಂಘಟಕರಿಗೆ ಎರಡು ಪ್ರಶ್ನೆ ಕೇಳಿ: ಕೊನೆಯ ಎರಡು ಕಿಲೋಮೀಟರಿನಲ್ಲಿ ಎಷ್ಟು ಎಇಡಿ ಇಟ್ಟಿದ್ದೀರಿ? ಅದನ್ನು ಬಳಸಬಲ್ಲವರು ಎಷ್ಟು ದೂರಕ್ಕೊಬ್ಬರು ನಿಂತಿರುತ್ತಾರೆ? ಉತ್ತರ ಬರದಿದ್ದರೆ ಬೇರೆ ಓಟ ಹುಡುಕಿಕೊಳ್ಳಿ.