ಒಂದೇ ಇಸವಿಯ ಎರಡು ಪೆನ್ನಿ: ಒಂದಕ್ಕೆ ಚಿಲ್ಲರೆ ಕಾಸು, ಇನ್ನೊಂದಕ್ಕೆ ಲಕ್ಷ ಯಾಕೆ?

'ಹಳೇ ನಾಣ್ಯ ಇದ್ದರೆ ಕೊಡಿ, ಲಕ್ಷ ಲಕ್ಷ ತಗೊಳ್ಳಿ' ಅನ್ನೋ ಮೆಸೇಜು, ವಿಡಿಯೋ ಫೋನಿಗೆ ಬರದವರೇ ಕಮ್ಮಿ. ರಾಣಿ ವಿಕ್ಟೋರಿಯಾ ಮುಖ ಇರೋ ಬಿಲ್ಲೆ ಕಂಡರೆ ಸಾಕು, ಅದಕ್ಕೆ ಬಂಗಾರದ ಬೆಲೆ ಅಂತ ನಂಬಿಸೋರೂ ಇದ್ದಾರೆ. ಇದರಲ್ಲಿ ಸುಳ್ಳೇ ಜಾಸ್ತಿ. ಆದರೆ ಹಳೇ ಬ್ರಿಟಿಷ್ ಪೆನ್ನಿಯ ಮೇಲಿನ ಒಂದು ಅಕ್ಷರಕ್ಕೆ, ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ಸಂಗ್ರಹಕಾರರು ಸಾವಿರಾರು ಪೌಂಡ್ ಕೊಡೋದು ನಿಜ. ಯಾವುದಕ್ಕೆ ಕೊಡ್ತಾರೆ, ಯಾಕೆ ಕೊಡ್ತಾರೆ ಅಂತ ಗೊತ್ತಿದ್ದರೆ ಮೋಸ ಹೋಗೋದು ತಪ್ಪುತ್ತೆ.

ಪೆನ್ನಿ ಅಂದರೆ ಯಾವುದು?

ನಮ್ಮಲ್ಲಿ ಹಿಂದೆ 16 ಆಣೆಗೆ ಒಂದು ರೂಪಾಯಿ ಇದ್ದ ಹಾಗೆ, ಬ್ರಿಟನ್ನಿನಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಅಂದರೆ ಪೌಂಡಿಗೆ 240 ಪೆನ್ನಿ. 1860ರಲ್ಲಿ ತಾಮ್ರದ ದಪ್ಪ ಪೆನ್ನಿ ಬಿಟ್ಟು ಕಂಚಿನ ಪೆನ್ನಿ ತಂದರು. ಅದರ ತೂಕ ಸುಮಾರು 9.4 ಗ್ರಾಂ, ಅಗಲ ಸುಮಾರು 31 ಮಿಲಿಮೀಟರ್. 1971ರ ಫೆಬ್ರವರಿ 15ರಂದು ಅಲ್ಲಿ ದಶಮಾಂಶ ಪದ್ಧತಿ ಬಂತು, ಅದೇ ವರ್ಷ ಹಳೇ ಪೆನ್ನಿ ಚಲಾವಣೆಯಿಂದ ಹೋಯ್ತು. ಅಲ್ಲಿಯವರೆಗೂ ವಿಕ್ಟೋರಿಯಾ ಕಾಲದ ಪೆನ್ನಿ ಅಂಗಡಿ ಗಲ್ಲಾದ ಚಿಲ್ಲರೆಯಲ್ಲೇ ಸಿಗ್ತಿತ್ತು.

ಭಾರತದಲ್ಲಿ ಪೆನ್ನಿ ನಡೀತಿರಲಿಲ್ಲ. ನಮ್ಮ ಮನೆಗಳ ಟ್ರಂಕಿನಲ್ಲಿ ಸಿಗೋ ರಾಣಿ ಮುಖದ ಬಿಲ್ಲೆ ಹೆಚ್ಚಾಗಿ ಕಾಲು ಆಣೆ. ಗುರುತು ಸುಲಭ: ಪೆನ್ನಿಯ ಹಿಂಬದಿಯಲ್ಲಿ ತ್ರಿಶೂಲ, ಗುರಾಣಿ ಹಿಡಿದು ಕೂತ ಬ್ರಿಟಾನಿಯಾ ದೇವಿ ಇರ್ತಾಳೆ. ಕಾಲು ಆಣೆಯ ಮೇಲೆ ಇಂಗ್ಲಿಷಿನಲ್ಲಿ 'ಇಂಡಿಯಾ' ಅಂತ ಬರೆದಿರುತ್ತೆ.

ವ್ಯತ್ಯಾಸ ಹುಟ್ಟೋದು ಅಚ್ಚಿನಲ್ಲಿ

ನಾಣ್ಯ ಒತ್ತೋಕೆ ಉಕ್ಕಿನ ಅಚ್ಚು ಬೇಕು. ಅಚ್ಚು ಸವೆಯುತ್ತೆ, ಬಿರುಕು ಬಿಡುತ್ತೆ, ಮತ್ತೆ ಹೊಸದು ಮಾಡಬೇಕು. ವಿಕ್ಟೋರಿಯಾ ಕಾಲದಲ್ಲಿ ಇಸವಿಯ ಅಂಕೆಗಳನ್ನ ಕೈಯಲ್ಲೇ ಪಂಚ್ ಮಾಡ್ತಿದ್ದರು. ಅಂಕೆ ಕೊಂಚ ಆಚೀಚೆ ಆಗ್ತಿತ್ತು, ಒಂದರ ಮೇಲೊಂದು ಬೀಳ್ತಿತ್ತು. ವಿನ್ಯಾಸವನ್ನೂ ಆಗಾಗ ತಿದ್ದುತ್ತಿದ್ದರು. ಲಂಡನ್ನಿನ ಟಂಕಸಾಲೆಗೆ ಕೆಲಸ ಹೆಚ್ಚಾದಾಗ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಕಂಪನಿಗೆ ಆರ್ಡರ್ ಕೊಡ್ತಿದ್ದರು. ಅವರು ಒತ್ತಿದ ಪೆನ್ನಿಗೆ ಗುರುತಾಗಿ 'ಎಚ್' ಅಕ್ಷರ ಬೀಳ್ತಿತ್ತು.

ಈ ಎಲ್ಲ ಅಚ್ಚುಗಳನ್ನ ಮೈಕೆಲ್ ಫ್ರೀಮನ್ ಅನ್ನೋರು ಕೂತು ಲೆಕ್ಕ ಹಾಕಿ, ಒಂದೊಂದಕ್ಕೂ ನಂಬರ್ ಕೊಟ್ಟು 1970ರಲ್ಲಿ ಪುಸ್ತಕ ತಂದರು. ಇವತ್ತಿಗೂ ಪೆನ್ನಿ ವ್ಯಾಪಾರ 'ಫ್ರೀಮನ್ ನಂಬರ್' ಮೇಲೇ ನಡೆಯುತ್ತೆ.

ಬೆಲೆ ಬಾಳೋ ಕೆಲವು ಪೆನ್ನಿ

* 1863: ಇಸವಿಯ ಕೆಳಗೆ 2, 3, 4 ಅನ್ನೋ ಪುಟ್ಟ ಅಂಕೆ ಇದ್ದರೆ ಬಹಳ ಅಪರೂಪ. ಅದು ಅಚ್ಚಿನ ನಂಬರ್. ಅಂಕೆ ಇಲ್ಲದ 1863 ಸಾಮಾನ್ಯ.

* 1875 ಮತ್ತು 1882: 1875ರಲ್ಲಿ ಇಸವಿಯ ಕೆಳಗೆ 'ಎಚ್' ಇದ್ದರೆ ಬೆಲೆ. 1882ರಲ್ಲಿ ಉಲ್ಟಾ, 'ಎಚ್' ಇಲ್ಲದಿದ್ದರೆ ಬೆಲೆ! ಆದರೆ ಸವೆದು ಅಳಿಸಿದ್ದೋ, ಯಾರಾದರೂ ಕೆರೆದಿದ್ದೋ ಆದರೆ ಲೆಕ್ಕಕ್ಕಿಲ್ಲ.

* 1895: 'ಪೆನ್ನಿ' ಪದದ 'ಪಿ' ಅಕ್ಷರಕ್ಕೂ ತ್ರಿಶೂಲಕ್ಕೂ ಮಧ್ಯೆ 1 ಮಿಲಿಮೀಟರ್ ಇದ್ದರೆ ಮಾಮೂಲಿ, 2 ಮಿಲಿಮೀಟರ್ ಇದ್ದರೆ ಅಪರೂಪ.

* 1951: ಒತ್ತಿದ್ದೇ 1.2 ಲಕ್ಷ. ಅವು ಹೋಗಿದ್ದು ಬರ್ಮುಡಾಕ್ಕೆ. 1967ರ ಪೆನ್ನಿಯಾದರೋ ಹತ್ತಾರು ಕೋಟಿ ಇವೆ, ಕೇಳೋರಿಲ್ಲ.

ಎಲ್ಲಕ್ಕಿಂತ ಹೆಸರಾಗಿದ್ದು 1933ರ ಪೆನ್ನಿ. ಆ ವರ್ಷ ಬ್ಯಾಂಕುಗಳಲ್ಲಿ ಪೆನ್ನಿ ಬೇಕಾದಷ್ಟಿತ್ತು, ಹಾಗಾಗಿ ಚಲಾವಣೆಗೆ ಒತ್ತಲೇ ಇಲ್ಲ. ಕಟ್ಟಡಗಳ ಅಡಿಗಲ್ಲಿನ ಕೆಳಗೆ ಆ ವರ್ಷದ ನಾಣ್ಯ ಇಡೋ ಪದ್ಧತಿಗೆ, ಮ್ಯೂಸಿಯಂಗೆ ಅಂತ ಬೆರಳೆಣಿಕೆಯಷ್ಟು ಮಾತ್ರ ಮಾಡಿದರು. 1970ರಲ್ಲಿ ಲೀಡ್ಸ್ ನಗರದ ಒಂದು ಚರ್ಚಿನ ಅಡಿಗಲ್ಲಿನ ಕೆಳಗಿಂದ ಕಳ್ಳರು ಈ ಪೆನ್ನಿಯನ್ನೇ ಕದ್ದರು. ಇನ್ನೊಂದು ಚರ್ಚಿನದ್ದೂ ಹೋದೀತು ಅಂತ ಅಲ್ಲಿನ ಬಿಷಪ್ ಅದನ್ನ ಹೊರಗೆ ತೆಗೆಸಿ ಮಾರಿಸಿದರು.

ಅಸಲಿ, ನಕಲಿ ನೋಡೋದು ಹೇಗೆ?

ಬೇರೆ ಇಸವಿಯ ಕೊನೇ ಅಂಕೆ ತಿದ್ದಿ '1933' ಮಾಡಿದ ಪೆನ್ನಿಗಳಿವೆ. ಯಾರಾದರೂ ಪೆನ್ನಿ ತಂದು ಮಾರೋಕೆ ಬಂದರೆ ಮೊದಲು ಅಯಸ್ಕಾಂತ ಹಿಡಿಯಿರಿ. ಕಂಚು ಅಂಟಲ್ಲ, ಅಂಟಿದರೆ ಒಳಗೆ ಕಬ್ಬಿಣ. ಆಮೇಲೆ ಆಭರಣದ ಅಂಗಡಿ ತಕ್ಕಡಿಯಲ್ಲಿ ತೂಕ ಹಾಕಿಸಿ. ಭೂತಗನ್ನಡಿಯಲ್ಲಿ ಅಂಕೆಯ ಸುತ್ತ ಕೆರೆದ ಗುರುತು ಇದೆಯಾ ನೋಡಿ.

ಕೈಯಲ್ಲಿ ನಿಜವಾದ ಹಳೇ ನಾಣ್ಯ ಇದ್ದರೆ ಹುಣಸೆಹಣ್ಣು, ನಿಂಬೆ, ಬೂದಿ ಹಾಕಿ ಉಜ್ಜಬೇಡಿ. ತಿಕ್ಕಿ ಹೊಳೆಸಿದ ನಾಣ್ಯದ ಬೆಲೆ ಬಿದ್ದೇ ಹೋಗುತ್ತೆ. ಕಂದು ಬಣ್ಣ ಹಾಗೇ ಇರಲಿ. ನೂರು ವರ್ಷ ದಾಟಿದ ನಾಣ್ಯ ಕಾನೂನಿನ ಪ್ರಕಾರ ಪುರಾತನ ವಸ್ತು, 1972ರ ಕಾಯ್ದೆ ಪ್ರಕಾರ ಖಾಸಗಿಯವರು ಅದನ್ನ ವಿದೇಶಕ್ಕೆ ಕಳಿಸುವಂತಿಲ್ಲ. 'ಲಂಡನ್ ಪಾರ್ಟಿ ಇದ್ದಾರೆ, ಕೊರಿಯರ್ ಮಾಡಿ' ಅಂದರೆ ಅಲ್ಲೇ ಅನುಮಾನ ಬರಬೇಕು.

ಮೊದಲು ದುಡ್ಡು ಕೇಳಿದರೆ ಮೋಸ

ಮೋಸಗಾರರ ದಾರಿ ಒಂದೇ. ಫೋಟೋ ಕೇಳ್ತಾರೆ, ದೊಡ್ಡ ಬೆಲೆ ಹೇಳ್ತಾರೆ, ಆಮೇಲೆ ರಿಜಿಸ್ಟ್ರೇಶನ್, ಕಮಿಷನ್, ಟ್ಯಾಕ್ಸ್ ಅಂತ ಮುಂಗಡ ಹಾಕಿಸ್ಕೋತಾರೆ. ರಿಸರ್ವ್ ಬ್ಯಾಂಕ್ ಹೆಸರನ್ನೂ ಬಳಸ್ತಾರೆ. ಹಳೇ ನೋಟು, ನಾಣ್ಯದ ಇಂಥ ವ್ಯವಹಾರ ತಾನು ಮಾಡಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ, ಶುಲ್ಕ ಕೇಳಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ಕೊಳ್ಳೋರು ದುಡ್ಡು ಕೊಡಬೇಕೇ ಹೊರತು ಮಾರೋರಲ್ಲ.

ಈಗಾಗಲೇ ಹಣ ಹಾಕಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ದೂರು ಕೊಟ್ಟರೆ, ಹಣ ತಡೆಹಿಡಿಯೋ ಸಾಧ್ಯತೆ ಅಷ್ಟು ಹೆಚ್ಚು.