‘ರಾತ್ರಿಗೆ ಏನು ಮಾಡೋಣ?’ ಅನ್ನೋದೂ ಒಂದು ಕೆಲಸ: ಇಬ್ಬರೂ ದುಡಿಯೋ ಮನೆಯ ಅಡುಗೆ ಲೆಕ್ಕ

ಇವತ್ತಿನ ವಿಷಯ ಅಡುಗೆ. ಹಬ್ಬದ ಅಡುಗೆ ಅಲ್ಲ, ರೀಲ್ಸ್‌ನಲ್ಲಿ ಬರೋ ಅಡುಗೆನೂ ಅಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸ ಮುಗಿಸಿ ರಾತ್ರಿ ಎಂಟೂವರೆಗೆ ಮನೆ ಬೀಗ ತೆಗೆದಾಗ ಆಗಬೇಕಲ್ಲ, ಆ ಅಡುಗೆ.

ಮೊದಲು ಒಂದು ಮಂಗಳವಾರದ ಕಥೆ ಹೇಳ್ತೀನಿ. ನಾನು ದಾವಣಗೆರೆ ಕಡೆಯವನು, ಹೆಂಡತಿ ಕುಂದಾಪುರದವಳು. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಮದುವೆಯಾಗಿ ಮೂರು ವರ್ಷ. ಅವತ್ತು ಅವಳು ನನಗಿಂತ ಹತ್ತು ನಿಮಿಷ ಮೊದಲು ಬಂದಿದ್ಲು. ನಾನು ಶೂ ಬಿಚ್ಚುತ್ತಾ ಕೇಳಿದೆ: ‘ರಾತ್ರಿಗೆ ಏನು? ಏನಾದ್ರೂ ಹೆಲ್ಪ್ ಮಾಡ್ಲಾ?’ ಬಹಳ ಒಳ್ಳೆ ಗಂಡನ ಮಾತು ಅಂದ್ಕೊಂಡಿದ್ದೆ. ಅವಳು ಉತ್ತರ ಕೊಡದೆ ಒಳಗೆ ಹೋಗಿ ಮಲಗಿಬಿಟ್ಲು. ನಾನು ಮೊಬೈಲ್‌ನಲ್ಲಿ ಬಿರಿಯಾನಿ ಆರ್ಡರ್ ಮಾಡಿದೆ. ಅದು ಬಂದಾಗ ಹತ್ತು ಗಂಟೆ. ಎಬ್ಬಿಸೋಕೆ ಹೋದ್ರೆ ‘ನೀನು ತಿನ್ನು, ನಂಗೆ ಹಸಿವಿಲ್ಲ’ ಅಂದ್ಲು. ಅವಳು ಮಧ್ಯಾಹ್ನವೂ ಊಟ ಮಾಡಿರಲಿಲ್ಲ ಅಂತ ಗೊತ್ತಾಗಿದ್ದು ಮರುದಿನ, ತೊಳೆಯೋಕೆ ಅಂತ ಅವಳ ಡಬ್ಬಿ ತೆಗೆದಾಗ. ಕಟ್ಟಿದ ಹಾಗೇ ಇತ್ತು.

ಬೆಳಿಗ್ಗೆ ಕಾಫಿ ಕುಡೀತಾ ಅವಳು ಹೇಳಿದ ಮಾತು ಇವತ್ತಿಗೂ ನೆನಪಿದೆ. ‘ಅಡುಗೆ ಮಾಡೋದು ಕಷ್ಟ ಅಲ್ಲ. ದಿನಾ ಏನು ಮಾಡ್ಬೇಕು ಅಂತ ಯೋಚನೆ ಮಾಡೋದು ಕಷ್ಟ. ನೀನು ಹೆಲ್ಪ್ ಮಾಡ್ತೀನಿ ಅಂದಾಗೆಲ್ಲ, ಈ ಕೆಲಸ ನಿಂದೇ ಅಂತ ನಂಗೆ ಇನ್ನೊಂದ್ಸಲ ಹೇಳ್ದಂಗೆ ಆಗುತ್ತೆ.’

ಇದು ನಮ್ಮ ಮನೆಯೊಂದರ ಕಥೆ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ಮಾಡಿತ್ತು. ಆರು ವರ್ಷ ದಾಟಿದವರಲ್ಲಿ, ಸಂಬಳ ಇಲ್ಲದ ಮನೆಗೆಲಸ ಮಾಡುವ ಹೆಂಗಸರು ಶೇ 81.2, ಗಂಡಸರು ಶೇ 26.1. ಮಾಡುವವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಗಂಡಸರು 97 ನಿಮಿಷ. ಇದು ಕೈಯಲ್ಲಿ ಮಾಡೋ ಕೆಲಸದ ಲೆಕ್ಕ. ಬಸ್ಸಲ್ಲಿ ಕೂತು ‘ಮನೇಲಿ ಟೊಮ್ಯಾಟೊ ಇದೆಯಾ, ಬೇಳೆ ಮುಗೀತಾ’ ಅಂತ ಲೆಕ್ಕ ಹಾಕೋದನ್ನ ಯಾವ ಗಡಿಯಾರನೂ ಹಿಡಿಯಲ್ಲ.

ಹಾಗಾಗಿ ನಾವು ಮೊದಲು ಹಂಚಿಕೊಂಡಿದ್ದು ಅಡುಗೆನ ಅಲ್ಲ, ಯೋಚನೆನ. ಸೋಮವಾರ, ಬುಧವಾರ, ಶುಕ್ರವಾರ ನಂದು. ಮಂಗಳವಾರ, ಗುರುವಾರ, ಶನಿವಾರ ಅವಳದು. ಯಾರ ದಿನವೋ ಅವರೇ ಏನು ಅಂತ ತೀರ್ಮಾನ ಮಾಡಬೇಕು, ಸಾಮಾನು ಇದೆಯಾ ನೋಡಬೇಕು, ಒಲೆ ಹಚ್ಚಬೇಕು. ಇನ್ನೊಬ್ಬರು ಪಾತ್ರೆ ತೊಳೆದು ಕಟ್ಟೆ ಒರೆಸಬೇಕು. ನನ್ನ ದಿನ ನಾನು ಅವಳನ್ನ ‘ಏನು ಮಾಡ್ಲಿ?’ ಅಂತ ಕೇಳೋ ಹಾಗಿಲ್ಲ. ಮೊದಲ ಎರಡು ವಾರ ಮೂರು ದಿನವೂ ಚಿತ್ರಾನ್ನ ಆಯ್ತು. ಅವಳು ಏನೂ ಹೇಳದೆ ತಿಂದ್ಲು. ಮೂರನೇ ವಾರ ನನಗೇ ಬೇಜಾರಾಗಿ ಹೆಸರುಬೇಳೆ ತೊವ್ವೆ ಕಲಿತೆ.

ಭಾನುವಾರ ಇಬ್ಬರೂ ಸೇರಿ ಒಂದೂವರೆ ಗಂಟೆ ಅಡುಗೆಮನೆಗೆ ಕೊಡ್ತೀವಿ. ಅದರಲ್ಲಿ ದೊಡ್ಡ ಕೆಲಸ ಹಿಟ್ಟು ರುಬ್ಬೋದು. ನಮ್ಮ ಅಳತೆ ಮೂರು ಲೋಟ ಇಡ್ಲಿ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಬೆಳಿಗ್ಗೆ ನೆನೆಸಿದರೆ ಸಂಜೆ ರುಬ್ಬಬಹುದು. ಉದ್ದು ಬೇರೆ, ಅಕ್ಕಿ ಬೇರೆ ರುಬ್ಬಿ. ಮಿಕ್ಸಿ ಬಳಸೋರು ಫ್ರಿಜ್ಜಿನ ತಣ್ಣೀರು ಹಾಕಿ, ಯಾಕಂದ್ರೆ ಮಿಕ್ಸಿ ಬೇಗ ಬಿಸಿಯಾಗುತ್ತೆ, ಹಿಟ್ಟೂ ಬಿಸಿಯಾಗುತ್ತೆ.

ಹಿಟ್ಟು ಉಬ್ಬೋದು ಹೇಗೆ? ಬೇಳೆ ಮೇಲೇ ಇರೋ ಲ್ಯೂಕೋನಾಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ಹಿಟ್ಟಿನಲ್ಲಿರೋ ಸಕ್ಕರೆ ಅಂಶ ತಿಂದು ಆಮ್ಲ ಮತ್ತು ಇಂಗಾಲದ ಡೈಆಕ್ಸೈಡ್ ಬಿಡ್ತವೆ. ಆಮ್ಲದಿಂದ ಹುಳಿ, ಗಾಳಿಯಿಂದ ಉಬ್ಬು. ಉದ್ದಿನ ಅಂಟು ಆ ಗಾಳಿಗುಳ್ಳೆಗಳನ್ನ ಹಿಡಿದಿಟ್ಕೊಳ್ಳುತ್ತೆ. ಈ ಕೆಲಸಕ್ಕೆ ಬೆಚ್ಚಗಿನ ಜಾಗ ಬೇಕು. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ರಾತ್ರಿಯಿಡೀ ಇಟ್ಟರೂ ಹಿಟ್ಟು ಕದಲಲ್ಲ. ಆಗ ಪಾತ್ರೆಗೆ ಟವೆಲ್ ಸುತ್ತಿ, ಆಫ್ ಮಾಡಿದ ಓವನ್ ಒಳಗೆ ಬರೀ ಲೈಟ್ ಹಾಕಿ ಇಡ್ತೀವಿ. ಏಪ್ರಿಲ್‌ನಲ್ಲಿ ಇದರ ತದ್ವಿರುದ್ಧ. ಮೊದಲ ಬೇಸಿಗೆಯಲ್ಲಿ ನಾನು ಪಾತ್ರೆ ತುಂಬ ಹಿಟ್ಟು ಹಾಕಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಕಟ್ಟೆ, ಗ್ಯಾಸ್ ಪೈಪು, ನೆಲ ಎಲ್ಲಾ ಹಿಟ್ಟು. ಪಾತ್ರೆಯ ಅರ್ಧಕ್ಕಿಂತ ಜಾಸ್ತಿ ತುಂಬಬಾರದು ಅನ್ನೋದನ್ನ ಅವತ್ತು ಕಲಿತೆ.

ಉಬ್ಬಿದ ಹಿಟ್ಟು ಫ್ರಿಜ್ಜಿಗೆ ಹೋಗುತ್ತೆ. ತಣ್ಣಗಿದ್ರೆ ಬ್ಯಾಕ್ಟೀರಿಯಾ ಸಾಯಲ್ಲ, ನಿಧಾನ ಆಗ್ತವೆ ಅಷ್ಟೆ. ಅದಕ್ಕೇ ಹಿಟ್ಟು ದಿನಾ ಸ್ವಲ್ಪ ಸ್ವಲ್ಪ ಹುಳಿಯಾಗ್ತಾ ಹೋಗುತ್ತೆ. ಆ ಹುಳಿಗೆ ತಕ್ಕ ಹಾಗೆ ನಮ್ಮ ವಾರದ ತಿಂಡಿ ನಡೆಯುತ್ತೆ. ಸೋಮವಾರ ಇಡ್ಲಿ, ಮಂಗಳವಾರ ಬುಧವಾರ ದೋಸೆ, ಗುರುವಾರ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹೆಚ್ಚಿ ಹಾಕಿ ಪಡ್ಡು. ಹುಳಿ ಹಿಟ್ಟಿಗೆ ಪಡ್ಡಿನಷ್ಟು ಒಳ್ಳೆ ದಾರಿ ಇನ್ನೊಂದಿಲ್ಲ.

ಅನ್ನದ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ರಾತ್ರಿ ಉಳಿದ ಅನ್ನನ ಕುಕ್ಕರಲ್ಲೇ ಬಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕೋದು ನಮ್ಮಲ್ಲಿ ಬಹಳ ಮನೆಗಳ ಅಭ್ಯಾಸ, ನಂದೂ ಅದೇ ಆಗಿತ್ತು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೆಂದರೂ ಅವು ಬದುಕ್ತವೆ. ಅನ್ನ ಗಂಟೆಗಟ್ಟಲೆ ಹೊರಗಿದ್ರೆ ಮೊಳೆತು ಬೆಳೆದು ವಿಷ ಬಿಡಬಹುದು. ವಾಂತಿ ತರಿಸೋ ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಹಾಗಾಗಿ ಊಟ ಆದ ತಕ್ಷಣ ಅನ್ನನ ಅಗಲವಾದ ಡಬ್ಬಿಗೆ ಹರಡಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿಬಿಡಿ. ಚಿತ್ರಾನ್ನಕ್ಕೆ ಅದೇ ಲೇಸು, ಅನ್ನ ಉದುರು ಉದುರಾಗಿ ಬರುತ್ತೆ.

ಈಗ ತಿಂಡಿ ಡಬ್ಬಿಯ ಕಡೆ ಬರೋಣ. ಒಂದು ತಿಂಗಳು ನಾವಿಬ್ಬರೂ ಹೊರಗಿನಿಂದ ತರಿಸಿದ್ದರ ಲೆಕ್ಕ ಬರೆದಿಟ್ವಿ. 9,800 ರೂಪಾಯಿ ಆಗಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಊಟಕ್ಕಲ್ಲ, ಸಂಜೆ ಆರರಿಂದ ಎಂಟರ ಹಸಿವಿಗೆ. ಆ ಹೊತ್ತಲ್ಲಿ ಕೈಗೆ ಸಿಗೋದು ಫೋನು. ಕೈಗೆ ಒಂದು ಡಬ್ಬಿ ಸಿಕ್ಕರೆ ಫೋನ್ ತೆಗೆಯಲ್ಲ. ಅಷ್ಟೇ ಲೆಕ್ಕ.

ನಮ್ಮ ಮನೆಯ ಖಾಯಂ ಡಬ್ಬಿ ಅವಲಕ್ಕಿ ಚೂಡಾ. ಕಾಲು ಕೆಜಿ ಪೇಪರ್ ಅವಲಕ್ಕಿ ತಗೊಳ್ಳಿ. ಗಟ್ಟಿ ಅವಲಕ್ಕಿ ಬೇಡ, ಅದು ಹುರಿದರೆ ಹಲ್ಲಿಗೆ ಗಟ್ಟಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಒಣಗೇ ಹುರಿಯಿರಿ. ಬೆರಳಲ್ಲಿ ಹಿಚುಕಿದರೆ ಪುಡಿಯಾಗಬೇಕು. ತೆಗೆದಿಟ್ಟು, ಅದೇ ಬಾಣಲೆಗೆ ಮೂರು ಚಮಚ ಎಣ್ಣೆ. ಮೊದಲು ಅರ್ಧ ಲೋಟ ಕಡ್ಲೆಬೀಜ, ಅದು ಕೆಂಪಾದ ಮೇಲೆ ಕಾಲು ಲೋಟ ಹುರಿಗಡಲೆ, ಕೊಬ್ಬರಿ ಚೂರು, ಆಮೇಲೆ ಸಾಸಿವೆ, ಆರೇಳು ಬ್ಯಾಡಗಿ ಮೆಣಸಿನಕಾಯಿ, ಒಂದು ಹಿಡಿ ಕರಿಬೇವು. ಕರಿಬೇವು ಗರಿಗರಿಯಾಗೋವರೆಗೂ ಬಿಡಿ. ಅದರಲ್ಲಿ ನೀರಿನಂಶ ಉಳಿದ್ರೆ ಡಬ್ಬಿಯೆಲ್ಲ ಮೆತ್ತಗಾಗುತ್ತೆ. ಅರಿಶಿನ, ಉಪ್ಪು, ಇಂಗು ಎಣ್ಣೆಗೇ ಹಾಕಿ. ಒಣ ಅವಲಕ್ಕಿ ಮೇಲೆ ಉಪ್ಪು ಉದುರಿಸಿದ್ರೆ ಅದು ಡಬ್ಬಿಯ ತಳ ಸೇರುತ್ತೆ. ಒಲೆ ಆರಿಸಿ ಅವಲಕ್ಕಿ ಬೆರೆಸಿ, ಒಂದು ಚಮಚ ಸಕ್ಕರೆ ಪುಡಿ. ಪೂರ್ತಿ ಆರಿದ ಮೇಲೆ ಮಾತ್ರ ಮುಚ್ಚಳ. ಬಿಸಿ ಇರುವಾಗಲೇ ಮುಚ್ಚಿದ್ರೆ ಹಬೆ ನೀರಾಗಿ ವಾಪಸ್ ಅವಲಕ್ಕಿಗೇ ಇಳಿಯುತ್ತೆ. ಒಟ್ಟು ಇಪ್ಪತ್ತೈದು ನಿಮಿಷದ ಕೆಲಸ, ನಮ್ಮಿಬ್ಬರಿಗೆ ಹತ್ತು ದಿನ ಬರುತ್ತೆ.

ಇದಕ್ಕೂ ಟೈಮ್ ಇಲ್ಲ ಅಂದ್ರೆ ನಮ್ಮೂರಿನ ಮಂಡಕ್ಕಿ ಇದೆ. ದಾವಣಗೆರೆ ಮಂಡಕ್ಕಿ ಭಟ್ಟಿಗಳಿಗೆ ಹೆಸರಾದ ಊರು, ಹೋದಾಗಲೆಲ್ಲ ಒಂದು ದೊಡ್ಡ ಚೀಲ ತರ್ತೀನಿ. ಮೆತ್ತಗಾದ್ರೆ ಬಾಣಲೆಯಲ್ಲಿ ಎರಡು ನಿಮಿಷ ಬಿಸಿ ಮಾಡಿ, ಈರುಳ್ಳಿ, ಟೊಮ್ಯಾಟೊ, ಹುರಿಗಡಲೆ ಪುಡಿ, ಖಾರದಪುಡಿ, ಹಸಿ ಎಣ್ಣೆ ಕಲಸಿದ್ರೆ ಐದು ನಿಮಿಷದ ತಿಂಡಿ. ಟೊಮ್ಯಾಟೊ ಕೊನೆಗೆ ಹಾಕಿ, ಹಾಕಿದ ತಕ್ಷಣ ತಿನ್ನಿ.

ನಿಪ್ಪಟ್ಟು ತಿಂಗಳಿಗೊಮ್ಮೆ. ಅದರ ಗುಟ್ಟು ಹಿಟ್ಟಿಗೆ ಹಾಕೋ ಕಾದ ಎಣ್ಣೆ. ಎರಡು ಲೋಟ ಅಕ್ಕಿಹಿಟ್ಟಿಗೆ ಮೂರು ಚಮಚ ಸಾಕು. ಹಿಟ್ಟನ್ನ ಕೈಯಲ್ಲಿ ಹಿಡಿದ್ರೆ ಮುದ್ದೆಯಾಗಿ ನಿಲ್ಲಬೇಕು. ಎಣ್ಣೆ ಕಡಿಮೆ ಆದ್ರೆ ಕಲ್ಲು, ಜಾಸ್ತಿ ಆದ್ರೆ ಬಾಣಲೆಯಲ್ಲೇ ಒಡೆದುಹೋಗುತ್ತೆ. ಮಧ್ಯಮ ಉರಿಯಲ್ಲಿ ಗುಳ್ಳೆ ಬರೋದು ನಿಲ್ಲೋವರೆಗೂ ಕರಿಯಿರಿ. ಗುಳ್ಳೆ ಅಂದ್ರೆ ಒಳಗಿನ ನೀರು ಹೊರಬರ್ತಿದೆ ಅಂತ ಅರ್ಥ. ಕರಿದ ಎಣ್ಣೆ ಮತ್ತೆ ಮತ್ತೆ ಕಾಯಿಸಬೇಡಿ. ಕಾದಷ್ಟೂ ಅದರಲ್ಲಿ ಕೆಡುಕು ಅಂಶಗಳು ಕೂಡ್ತವೆ. ಇವುಗಳ ಪ್ರಮಾಣ ಶೇ 25 ದಾಟಿದ ಎಣ್ಣೆ ಬಳಸಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಮನೇಲಿ ಅಳೆಯೋಕೆ ಆಗಲ್ಲ. ಹಾಗಾಗಿ ನಾವು ಚಿಕ್ಕ ಬಾಣಲೆಯಲ್ಲಿ ಕಡಿಮೆ ಎಣ್ಣೆ ಇಟ್ಟು ಕರೀತೀವಿ. ಉಳಿದಿದ್ದು ಸೋಸಿ ಎರಡು ಮೂರು ದಿನದಲ್ಲಿ ಒಗ್ಗರಣೆಗೆ ಮುಗಿಸ್ತೀವಿ.

ಹಾಗಂತ ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಕೆಲವು ದಿನ ಇಬ್ಬರಿಗೂ ಒಲೆ ಹಚ್ಚೋ ಶಕ್ತಿ ಇರಲ್ಲ. ಅಂಥ ದಿನಕ್ಕೆ ಮೊಸರನ್ನ, ಅವರಮ್ಮ ಕಳಿಸಿದ ಮಾವಿನಮಿಡಿ ಉಪ್ಪಿನಕಾಯಿ. ಭಾನುವಾರ ರಾತ್ರಿ ಹೊರಗಿನ ಊಟ, ಅದನ್ನೂ ಸರದಿ ಪ್ರಕಾರ ಒಬ್ಬರೇ ಆರಿಸಬೇಕು. ತಿಂಗಳ ಖರ್ಚು ಈಗ ಮೂರು ಸಾವಿರದ ಆಸುಪಾಸು. ಅವಳ ಮಧ್ಯಾಹ್ನದ ಡಬ್ಬಿ ಖಾಲಿಯಾಗಿ ವಾಪಸ್ ಬರುತ್ತೆ. ನನಗೆ ದುಡ್ಡಿಗಿಂತ ಅದು ದೊಡ್ಡದು.

ಹೋದ ತಿಂಗಳು ಅಮ್ಮ ಊರಿಂದ ಬಂದಿದ್ರು. ಬುಧವಾರ, ನನ್ನ ದಿನ. ನಾನು ಕಾವಲಿ ಮೇಲೆ ದೋಸೆ ಹುಯ್ತಿದ್ದೆ. ಹೆಂಡತಿ ಸೋಫಾ ಮೇಲೆ ಕಾಲು ಚಾಚಿ ಕೂತಿದ್ಲು. ಅಮ್ಮ ಏನಾದ್ರೂ ಅಂತಾರೇನೋ ಅಂತ ನನಗೆ ಒಳಗೊಳಗೇ ಪುಕಪುಕ. ಅಮ್ಮ ಬಂದು ಬಾಗಿಲ ಹತ್ರ ಸ್ವಲ್ಪ ಹೊತ್ತು ನಿಂತ್ರು. ಆಮೇಲೆ ‘ನಿಮ್ಮಪ್ಪ ಒಳ್ಳೆಯವ್ರೇ ಕಣೋ. ಆದ್ರೆ ಮೂವತ್ತೈದು ವರ್ಷದಲ್ಲಿ ಒಂದು ದಿನಾನೂ ನಾಳೆ ತಿಂಡಿ ಏನು ಅಂತ ಅವ್ರು ಯೋಚನೆ ಮಾಡ್ಲಿಲ್ಲ’ ಅಂದ್ರು. ಅಷ್ಟು ಹೇಳಿ ಹೋಗಿ ಸೊಸೆ ಪಕ್ಕ ಕೂತ್ರು. ನಾನು ಇಬ್ಬರಿಗೂ ದೋಸೆ ತಗೊಂಡು ಹೋಗಿ ಕೊಟ್ಟೆ. ಒಂದು ಸೀದಿತ್ತು, ಅದನ್ನ ನಾನೇ ಇಟ್ಕೊಂಡೆ.

ಇವತ್ತು ಮನೆಗೆ ಹೋದ ಮೇಲೆ ‘ಹೆಲ್ಪ್ ಮಾಡ್ಲಾ’ ಅಂತ ಕೇಳೋ ಬದಲು, ವಾರದಲ್ಲಿ ಒಂದು ದಿನ ನಿಮ್ಮದು ಅಂತ ತಗೊಂಡು ನೋಡಿ. ಬೇಳೆ ನೆನೆಸೋದರಿಂದ ಶುರು ಮಾಡಿ.