ರಾಮಗಢವಲ್ಲ, ರಾಮನಗರ

ಮಳೆ ಹಿಡಿದ ಭಾನುವಾರ ಮನೆಯಲ್ಲೇ ಕೂತು ಹಳೆಯ ಸಿನಿಮಾ, ಸಾಕ್ಷ್ಯಚಿತ್ರ ನೋಡುವ ಮನಸ್ಸಾದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರು ಹೆಚ್ಚು ಹುಡುಕಬೇಕಾಗಿಲ್ಲ. ಜಗತ್ತು ಮೆಚ್ಚಿದ ಎರಡು ಚಿತ್ರಗಳಲ್ಲಿ ಈ ಸೀಮೆಯ ಬಂಡೆಗಳೇ ಕಾಣಿಸುತ್ತವೆ. ಆದರೆ ಎರಡರಲ್ಲೂ ಊರಿನ ಹೆಸರು ಬೇರೆ!

‘ಶೋಲೆ’ಯ ಚಿತ್ರೀಕರಣ ಶುರುವಾದದ್ದು 1973ರ ಅಕ್ಟೋಬರ್‌ನಲ್ಲಿ. ಕಲಾ ನಿರ್ದೇಶಕ ರಾಮ್ ಯೇಡೇಕರ್ ರಾಮದೇವರ ಬೆಟ್ಟದ ಬುಡದಲ್ಲಿ ಇಡೀ ಹಳ್ಳಿಯನ್ನೇ ಎಬ್ಬಿಸಿದರು. ತೆರೆಯ ಮೇಲೆ ಅದು ಉತ್ತರದ ಯಾವುದೋ ರಾಮಗಢ. ಗಬ್ಬರ್ ಅಬ್ಬರಿಸುವ ದೃಶ್ಯಗಳು ಎಲ್ಲರಿಗೂ ಬಾಯಿಪಾಠ. ಆದರೆ ಮನೆಯಲ್ಲಿ ನಿಧಾನವಾಗಿ ನೋಡುವವರು ನಿಲ್ಲಬೇಕಾದದ್ದು ಮಾತಿಲ್ಲದ ಒಂದು ದೃಶ್ಯದ ಬಳಿ: ಅಮಿತಾಭ್ ಅಂಗಳದಲ್ಲಿ ಕೂತು ಮೌತ್ ಆರ್ಗನ್ ನುಡಿಸುತ್ತಾರೆ, ಎದುರಿನ ಮಹಡಿಯಲ್ಲಿ ಬಿಳಿ ಸೀರೆಯ ಜಯಾ ಒಂದೊಂದೇ ದೀಪ ಆರಿಸುತ್ತಾರೆ. ಸೂರ್ಯ ಮುಳುಗಿ ಕತ್ತಲು ಕವಿಯುವ ನಡುವಿನ ಬೆಳಕೇ ಬೇಕೆಂದು ಛಾಯಾಗ್ರಾಹಕ ದ್ವಾರಕಾ ದಿವೇಚಾ ಪಟ್ಟು ಹಿಡಿದಿದ್ದರು. ಆ ಬೆಳಕು ದಿನಕ್ಕೆ ಕೆಲವೇ ನಿಮಿಷ. ಹಾಗಾಗಿ ಈ ಪುಟ್ಟ ದೃಶ್ಯಕ್ಕೆ ಹಲವು ಸಂಜೆಗಳೇ ಹಿಡಿದವು. ರಾಮನಗರದ ಮುಸ್ಸಂಜೆಯನ್ನು ಇಷ್ಟು ತಾಳ್ಮೆಯಿಂದ ಇನ್ಯಾರೂ ಸೆರೆಹಿಡಿದಿಲ್ಲ.

ಚಿತ್ರ ಬಿಡುಗಡೆಯಾದದ್ದು 1975ರ ಆಗಸ್ಟ್ 15ರಂದು, ತುರ್ತುಪರಿಸ್ಥಿತಿಯ ದಿನಗಳಲ್ಲಿ. ಠಾಕೂರ್ ಗಬ್ಬರ್‌ನನ್ನು ಕೊಲ್ಲುವ ಅಂತ್ಯವನ್ನು ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ತಡೆಯುವಂತೆ ಅದನ್ನು ಬದಲಿಸಬೇಕಾಯಿತು. ಮೂಲ ಅಂತ್ಯವಿರುವ ಪ್ರತಿಯನ್ನು ಸಂಸ್ಕರಿಸಿ, 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಮೊದಲು ತೋರಿಸಲಾಯಿತು.

ಇನ್ನೊಂದು, ಡೇವಿಡ್ ಲೀನ್ ನಿರ್ದೇಶಿಸಿದ ಕೊನೆಯ ಚಿತ್ರ ‘ಎ ಪ್ಯಾಸೇಜ್ ಟು ಇಂಡಿಯಾ’ (1984). ಇ.ಎಂ. ಫಾರ್ಸ್ಟರ್ ಕಾದಂಬರಿಯ ಮರಬಾರ್ ಗುಹೆಗಳಿಗೆ ಪ್ರೇರಣೆ ಬಿಹಾರದ ಬರಾಬರ್ ಗುಹೆಗಳು. ಲೀನ್ ಆರಿಸಿಕೊಂಡದ್ದು ಮಾಗಡಿಯ ಸಾವನದುರ್ಗವನ್ನು ಮತ್ತು ರಾಮದೇವರ ಬೆಟ್ಟವನ್ನು. ಬೋಳು ಬಂಡೆಯ ಮೇಲೆ ಮನುಷ್ಯರು ಇರುವೆ ಸಾಲಿನಂತೆ ಸಾಗುವುದನ್ನು ಕಂಡರೆ ಆ ಆಯ್ಕೆಯ ಕಾರಣ ತಾನಾಗಿ ತಿಳಿಯುತ್ತದೆ.

ಕಥಾಚಿತ್ರಗಳು ಬಚ್ಚಿಟ್ಟ ಹೆಸರನ್ನು ಹೇಳುವುದು ಸಾಕ್ಷ್ಯಚಿತ್ರ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಲ್ಲಿ ಬಾಳಿ, ಗಂಡ ಚಿಕ್ಕಯ್ಯನವರ ಜೊತೆ ಆಲದ ಸಸಿಗಳಿಗೆ ನೀರು ಹೊತ್ತ ಸಾಲುಮರದ ತಿಮ್ಮಕ್ಕನವರ ಮೇಲೆ 2000ದಲ್ಲೇ ‘ತಿಮ್ಮಕ್ಕ ಮತ್ತು 284 ಮಕ್ಕಳು’ ಎಂಬ ಚಿತ್ರ ಬಂದಿತ್ತು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡ ಮೇಲೆ ಇಂಥ ದಾಖಲೆಗಳ ಬೆಲೆ ಇನ್ನೂ ಹೆಚ್ಚಿದೆ. ಮಕ್ಕಳು ಜೊತೆಗಿದ್ದರೆ ವನ್ಯಜೀವಿ ಸಾಕ್ಷ್ಯಚಿತ್ರ ‘ವೈಲ್ಡ್ ಕರ್ನಾಟಕ’ವನ್ನೂ ನೋಡಬಹುದು, ರಿಷಬ್ ಶೆಟ್ಟಿಯವರ ಕನ್ನಡ ನಿರೂಪಣೆಯಲ್ಲಿ.

ಇಷ್ಟಾದರೂ ದಾಖಲಾಗದೆ ಉಳಿದದ್ದೇ ಬಹಳ. ಗಬ್ಬರ್ ಓಡಾಡಿದ ಬೆಟ್ಟ 2012ರಿಂದ ರಣಹದ್ದು ಧಾಮ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧ ಸತ್ತ ದನದ ಮಾಂಸದ ಮೂಲಕ ದೇಶದ ರಣಹದ್ದುಗಳನ್ನು ಕೊಂದಿತು. 2006ರಲ್ಲಿ ಅದಕ್ಕೆ ನಿಷೇಧ ಬಿದ್ದರೂ ಇಲ್ಲಿ ಉಳಿದಿರುವ ಉದ್ದಕೊಕ್ಕಿನ ರಣಹದ್ದುಗಳು ಬೆರಳೆಣಿಕೆಯಷ್ಟು. ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಬಣ್ಣ ಕರಗಿ ಹತ್ತುವ ಆ ಕ್ಷಣ, ಕನಕಪುರದ ಮನೆಗಳಲ್ಲಿ ಹಣ್ಣಾದ ರೇಷ್ಮೆ ಹುಳುಗಳನ್ನು ಚಂದ್ರಿಕೆಗೆ ಬಿಡುವ ಗಡಿಬಿಡಿ, ಇವೆಲ್ಲ ಕ್ಯಾಮೆರಾಗೆ ಕಾದು ಕೂತ ವಸ್ತುಗಳು. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇಲ್ಲೇ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿದೆ. ಹಳ್ಳಿಯ ಬದುಕನ್ನು ಕೂಡಿಡುವುದು ಹೇಗೆಂದು ಅದು ಆಗಲೇ ತೋರಿಸಿಕೊಟ್ಟಿದೆ.

1973ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದು ಬೆಟ್ಟದ ಬುಡದಲ್ಲಿ ಶೂಟಿಂಗ್ ನೋಡಿದವರಿಗೆ, ಸೆಟ್‌ನಲ್ಲಿ ಕೂಲಿ ಮಾಡಿದವರಿಗೆ ಈಗ ಎಪ್ಪತ್ತು ದಾಟಿದೆ. ಮುಂದಿನ ರಜೆಯಲ್ಲಿ ಅಂಥ ಅಜ್ಜ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಶೋಲೆ’ ಹಾಕಿ. ಅವರು ನಡುವೆ ಮಾತು ತೆಗೆದರೆ ಸಿನಿಮಾ ನಿಲ್ಲಿಸಿ, ಫೋನ್‌ನಲ್ಲಿ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ.